ಮೂರು ಸೀಟಿ

“ಉಪವಾಸ ಕೆಡವಿ ಕೊಂದಿಯೇನ ನಮ್ಮವ್ವನ್ನ? ಮೈ ತೊಳಿಯೋ ಮುಂದ ನೋಡೇನಿ, ಹೊಟ್ಟಿ ಬೆನ್ನಿಗೆ ಹತ್ತೇತಿ. ಬಾಯಿ ಬಿಡ! ನಿನ್ನಿ ಏನ ಉಣ್ಣಾಕ ಹಾಕಿದ್ದಿ?”

ಬೀಡಿ ಊರಿನಿಂದ ಮೊದಲ ಬಸ್ಸಿಗೆ ಬಂದಿದ್ದ ಮಾಲಾ ತಮ್ಮನ ಹೆಂಡತಿಯ ರಟ್ಟೆ ಹಿಡಿದು ಅಲುಗಾಡಿಸುತ್ತಿದ್ದಳು. ಪಡಸಾಲೆಯಲ್ಲಿ ತಾಯಿ ನಿಂಗವ್ವನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದಿದ್ದರು.

“ಅವರಿಕಾಳಿನ ಸಾರು ಮಾಡಿದ್ದೆ ಅಕ್ಕಾರ. ಉಂಡ ಮಲಗ್ಯಾರ,” ಎಂದಳು ನಾಗರತ್ನಾ.

ಸುಳ್ಳು. ಆ ಸಾರು ತಳ ಹತ್ತಿ ಕರ್ರಗಾಗಿ, ಕುಕ್ಕರಿನ ಸಮೇತ ಹಿತ್ತಲಲ್ಲಿ ಬುಟ್ಟಿಯ ಕೆಳಗಿತ್ತು.

“ಸುಮ್ನಿರ ಅಕ್ಕಾ, ಮಂದಿ ನೋಡಾಕತ್ತಾರ,” ಎಂದ ಪ್ರಸಾದ.

“ನೋಡ್ಲಿ! ಹೆಂಡತಿ ಸೆರಗಿನ್ಯಾಗಿಂದ ಹೊರಗ ಬಂದು ನೀನೂ ಒಂಚೂರು ನೋಡ!”

ಯಾರೋ ನೀರಿಗೆಂದು ಹಿತ್ತಲಿನ ಕಡೆ ನಡೆದರು. “ನಾ ತರತೀನಿ, ನೀವು ಕುಂದರ್ರಿ,” ಎಂದು ನಾಗರತ್ನಾ ಬಿಂದಿಗೆ ಕಸಿದುಕೊಂಡು ಓಡಿದಳು. ಬೆಳಗಿನಿಂದ ಇದು ನಾಲ್ಕನೆಯ ಸಲ.

*

ಹಿಂದಿನ ಸಂಜೆ ನಳಕ್ಕೆ ನೀರು ಬಂದಿತ್ತು. ನೆನೆದ ಅವರೆಕಾಳಿಗೆ ಬೆಳ್ಳುಳ್ಳಿ, ಒಣಕೊಬ್ಬರಿ, ಮಸಾಲೆ ಖಾರ ಹಾಕಿ ಕುಕ್ಕರಿನ ಮುಚ್ಚಳ ಬಿಗಿದವಳು, ಕೊಡ ಎತ್ತಿಕೊಂಡು ಬಾಗಿಲಿನಿಂದಲೇ ಕೂಗಿದ್ದಳು: “ಅತ್ತಿ, ಮೂರ ಸೀಟಿ ಆದಮ್ಯಾಲ ಗ್ಯಾಸ ಆರಸ್ರಿ.” ಅತ್ತೆ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. ದಿನಾ ಕೂರುವವಳೇ.

ನಳದ ಮುಂದೆ ಪಾಳಿ, ಜಗಳ. ನಡುವೆ ಕರೆಂಟು ಹೋಯಿತು. ಕೊಡ ಹೊತ್ತು ಬಂದರೆ ಮನೆಯೆಲ್ಲ ಸೀದ ವಾಸನೆ. ಅತ್ತೆ ಗ್ಯಾಸು ಆರಿಸಿದ್ದಳು, ಆದರೆ ಹೊತ್ತು ಮೀರಿತ್ತು. ನಾಗರತ್ನಾ ಮೊಬೈಲಿನ ಬ್ಯಾಟರಿ ಬೆಳಕನ್ನು ಅತ್ತೆಯ ಮುಖಕ್ಕೇ ಹಿಡಿದಳು.

“ಕಿವಿ ಸತ್ತಾವೇನ ನಿಮ್ಮವು? ಎಷ್ಟ ಸೀಟಿ ಅಂತ ಹೇಳಿದ್ದೆ?”

ನಿಂಗವ್ವ ಕಣ್ಣು ಕಿರಿದು ಮಾಡಿ, ಬೆಳಕಿನ ಆಚೆ ಏನನ್ನೋ ಹುಡುಕಿದಳು. ಆಮೇಲೆ ನಕ್ಕಳು.

ಆ ನಗುವಿಗೆ ನಾಗರತ್ನಾಳ ನೆತ್ತಿ ಉರಿಯಿತು. “ನಗತೀರಿ? ಇವತ್ತ ಉಪವಾಸ ಬೀಳ್ರಿ!”

ಪ್ರಸಾದನಿಗೆ ಫೌಂಡ್ರಿಯಲ್ಲಿ ರಾತ್ರಿ ಪಾಳಿ. ಅತ್ತೆ ಒಂದು ಚೊಂಬು ನೀರು ಕುಡಿದು ಮಲಗಿದಳು. ಬೆಳಿಗ್ಗೆ ಏಳಲಿಲ್ಲ.

*

ಭಜನೆ ನಿಂತಾಗ ಮಾಯಕ್ಕ ಬಂದಳು. ವಡಗಾವಿಯ ಮಗ್ಗದಲ್ಲಿ ನಿಂಗವ್ವನ ಬಾಜೂಕ್ಕೇ ಇಪ್ಪತ್ತಾರು ವರ್ಷ ದುಡಿದವಳು. ಹೆಣದ ಮುಂದೆ ಕೂತು ತುಟಿ ಆಡಿಸಿದಳು, ಬೆರಳು ಆಡಿಸಿದಳು. ದನಿಯಿಲ್ಲ.

“ದನಿ ತಗದ ಅಳು ಆಯಿ,” ಎಂದಳು ಮಾಲಾ.

“ದನಿ ತಗದ್ರ ಅಕಿಗೆಲ್ಲಿ ಕೇಳತಿತ್ತವಾ? ಮಗ್ಗದ ಸಪ್ಪಳಕ್ಕ ಕಿವಿ ಹೋಗಿ ಹನ್ನೆರಡ ವರ್ಷ ಆತು. ಎದುರಿಗಿನವರ ತುಟಿ ನೋಡಿ ತಿಳಕೋತಿದ್ಲು.”

“ನಮಗ ಹೇಳೇ ಇಲ್ಲ!”

“ಹೇಳಿದ್ರ ಒಲಿ ಮುಂದ ಕುಂದರಾಕ ಬಿಡತಿದ್ರೇನ? ಕುಕ್ಕರಿನ ಉಗಿ ಏಳೂದ ನೋಡಿ ಸೀಟಿ ಎಣಸ್ತೀನಿ ಅಂತ ನಗತಿದ್ಲು. ಸೊಸಿಗೆ ಹೇಳಬ್ಯಾಡ, ಕೆಲಸಕ್ಕ ಬಾರದ ಮುದುಕಿ ಅಂತ ಮೂಲಿಗೆ ಹಾಕ್ಯಾಳು ಅಂತ ಆಣಿ ಇಡಿಸಿದ್ಲು.”

ನಾಗರತ್ನಾಳಿಗೆ ಈಗ ಹೊಳೆಯಿತು: ಕರೆಂಟು ಹೋದ ಕತ್ತಲಲ್ಲಿ ಅತ್ತೆಗೆ ಉಗಿ ಕಂಡಿರಲಿಲ್ಲ. ಬ್ಯಾಟರಿಯನ್ನು ತನ್ನ ಮುಖಕ್ಕೆ ಹಿಡಿದುಕೊಂಡಿದ್ದರೆ, ಅತ್ತೆಗೆ ಬೈಗುಳವಾದರೂ ತಿಳಿಯುತ್ತಿತ್ತು.

ಮಣ್ಣು ಕೊಟ್ಟು ಬಂದು ಕಾಲು ತೊಳೆದಾಗ ಮಧ್ಯಾಹ್ನ ಮೂರು. ಮಾಯಕ್ಕ ತನ್ನ ಮನೆಯಿಂದ ರೊಟ್ಟಿ, ಝುಣಕ ತಂದು ನಾಲ್ಕು ತಾಟು ಹಚ್ಚಿದಳು. ಮಾಲಾ ಈಗ ಮೆತ್ತಗಾಗಿದ್ದಳು. ನಾಗರತ್ನಾಳ ಬೆನ್ನ ಮೇಲೆ ಕೈಯಿಟ್ಟಳು.

“ಸಿಟ್ಟಿನ್ಯಾಗ ಏನೇನೋ ಅಂದೆ, ಮನಸಿಗೆ ಹಚ್ಕೋಬ್ಯಾಡ. ಕಡೀ ಹೊತ್ತು ನಿನ್ನ ಕೈಯಾನ ಬಿಸಿ ಸಾರು ಉಂಡ ಹೋದ್ಲಲ್ಲ, ಅಷ್ಟ ಸಾಕು.”

ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬೆನ್ನ ಮೇಲಿನ ಕೈ ಕಾದ ತವೆಯಂತೆ ಸುಟ್ಟಿತು.

“ಉಣಲಿಲ್ಲ ಅಕ್ಕಾರ. ಉಪವಾಸ ಬೀಳ್ರಿ ಅಂತ ನಾನ ಅಂದೆ.”

ಕೈ ನಿಧಾನಕ್ಕೆ ಸರಿಯಿತು. ಮಾಲಾ ಚೀಲ ಎತ್ತಿಕೊಂಡು ಹೊಸ್ತಿಲು ದಾಟಿದಳು. ಪ್ರಸಾದ ತಿರುವಿನತನಕ ಬೆನ್ನು ಹತ್ತಿ ಹೋಗಿ, ಒಬ್ಬನೇ ಬಂದ.

“ಸಿಟ್ಟ ಇಳದ ಮ್ಯಾಲ ಬರತಾಳ ತಗೋ,” ಎಂದಳು ಮಾಯಕ್ಕ. ಮಾಲಾಳಿಗೆಂದು ಹಚ್ಚಿದ ತಾಟು ತೆಗೆಯಗೊಡಲಿಲ್ಲ.

ಬೀಡಿಗೆ ಕೊನೆಯ ಬಸ್ಸು ಹೋಗುವ ಹೊತ್ತಾಯಿತು, ಮಾಲಾ ಬರಲಿಲ್ಲ. ಆ ತಾಟಿನ ರೊಟ್ಟಿ ಒಣಗಿ ಸೆಟೆದು, ಅಂಚುಗಳನ್ನು ಮೇಲೆತ್ತಿ ಕೂತಿತ್ತು.