ಅಕ್ಕನ ಕೈಯ ಬನ್ನು

ಅರ್ಧ ತಿಂದರೆ ನೂರಾ ಎಪ್ಪತ್ತು ಕ್ಯಾಲೊರಿ. ಅರ್ಧ ಬಿಟ್ಟರೆ ಅಕ್ಕ ಏನೆಂದುಕೊಂಡಾಳು? ಪೂರ್ತಿ ತಿಂದು ನಾಳೆ ಮಧ್ಯಾಹ್ನದ ಊಟವನ್ನೇ ಬಿಟ್ಟರೆ? ನಾಳೆ ಸರಕು ಇಳಿಸುವ ಪಾಳಿ. ಖಾಲಿ ಹೊಟ್ಟೆಯಲ್ಲಿ ಎಂಟು ಗಂಟೆ ನಿಲ್ಲಲಾದೀತೇ?

ಸಂಜೆಯ ಪ್ರಾರ್ಥನೆ ಮುಗಿಯುವವರೆಗೂ ಫೆರೆಟಿಯ ತಲೆಯಲ್ಲಿ ಇದೇ ಓಡುತ್ತಿತ್ತು. ತೆಂಗಿನಹಾಲಿನಲ್ಲಿ ಬೇಯುತ್ತಿದ್ದ ಪಾನಿ ಪೋಪೋ ಬನ್ನುಗಳ ಪರಿಮಳ ಮಾಂಗೆರೆ ಬಡಾವಣೆಯ ಆ ಪುಟ್ಟ ಮನೆಯನ್ನೆಲ್ಲ ತುಂಬಿತ್ತು.

ಅಕ್ಕ ಲೆಪೇಕಾಳಿಗೆ ಎರಡೂ ಮೂತ್ರಪಿಂಡಗಳು ಕೆಟ್ಟಿದ್ದವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ತೆಂಗಿನಹಾಲು ಅವಳಿಗೆ ನಿಷಿದ್ಧ. ಆದರೂ ಬನ್ನು ಮಾಡಿ ತಮ್ಮನ ಮುಂದಿಟ್ಟು, ಎದುರು ಕೂತು, ಅವನು ಅಗಿಯುವುದನ್ನೇ ನೋಡುತ್ತಿದ್ದಳು. ಅವಳ ಪಾಲಿನ ರುಚಿ ಅಷ್ಟೇ. ಅಕ್ಕನ ಕೈ ತಳ್ಳಿದ ತಮ್ಮನಿಗೆ ಏಳಿಗೆಯಿಲ್ಲವೆಂದು ನಮ್ಮ ಸಮೋವಾದವರು ಈಗಲೂ ನಂಬುತ್ತಾರೆ.

ಅವಳಿಗೆ ತನ್ನ ಮೂತ್ರಪಿಂಡವೊಂದನ್ನು ಕೊಡಲು ಫೆರೆಟಿ ಆಸ್ಪತ್ರೆಯಲ್ಲಿ ಗುಟ್ಟಾಗಿ ಹೆಸರು ಬರೆಸಿದ್ದ. ರಕ್ತ ಹೊಂದಿತ್ತು. ಹೆಚ್ಚಿನ ತೂಕವೊಂದೇ ಅಡ್ಡಿ. ಹದಿನಾಲ್ಕು ಕಿಲೋ ಇಳಿಸಿದ್ದ. ಮೂರು ವಾರದಲ್ಲಿ ಬರುವ ಕೊನೆಯ ಪರೀಕ್ಷೆಯೊಳಗೆ ಇನ್ನೂ ಮೂರು ಇಳಿಯಬೇಕಿತ್ತು. ಹೋದ ವರ್ಷ ಚಿಕ್ಕಪ್ಪನ ಮಗ ಕೊಡುತ್ತೇನೆಂದು ಹೇಳಿ, ಕೊನೆಯ ಪರೀಕ್ಷೆಯಲ್ಲಿ ಅನರ್ಹನಾಗಿದ್ದ. ಲೆಪೇಕಾ ಹದಿನೈದು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಾಗಾಗಿ ಆಸ್ಪತ್ರೆ ಒಪ್ಪುವ ತನಕ ಬಾಯಿ ಬಿಡುವುದಿಲ್ಲವೆಂದು ಅವನು ತೀರ್ಮಾನಿಸಿದ್ದ.

ಸಂಜೆಯ ಒಂದು ಬನ್ನಿಗೆ ಅವನು ಈತನಕ ಹೇಗೋ ದಾರಿ ಮಾಡಿಕೊಂಡಿದ್ದ. ಮಧ್ಯಾಹ್ನ ಬ್ರೆಡ್ಡಿಲ್ಲ, ನಾಲ್ಕಕ್ಕೆ ಸೌತೆಕಾಯಿ, ಮನೆಗೆ ಎರಡು ನಿಲ್ದಾಣ ಮೊದಲೇ ಬಸ್ಸಿಳಿದು ನಡಿಗೆ. ಇಂದು ತಟ್ಟೆಯಲ್ಲಿ ಎರಡು ಬನ್ನುಗಳಿದ್ದವು.

"ಎರಡ್ಯಾಕಕ್ಕಾ?"

"ಕನ್ನಡಿ ನೋಡ್ಕೊಂಡಿದ್ದೀಯೇನೋ? ಅಪ್ಪನ ಅಂಗಿ ಹಾಕ್ಕೊಂಡ ಹುಡುಗನ ಥರ ಕಾಣ್ತೀಯ. ಚರ್ಚಲ್ಲಿ ಹೆಂಗಸರೆಲ್ಲ ಕೇಳ್ತಾರೆ, ತಮ್ಮನಿಗೆ ಊಟ ಹಾಕಲ್ವಾ ಅಂತ."

"ಅವರ ಗಂಡಂದಿರನ್ನ ನೋಡಿದ್ದೀಯಾ? ಬೆಂಚು ಮುರೀತಿದೆ."

ಲೆಪೇಕಾ ನಗಲಿಲ್ಲ. ಅವನು ಮೊದಲ ಬನ್ನನ್ನು ನಿಧಾನವಾಗಿ ಮುಗಿಸಿ ತಟ್ಟೆ ಸರಿಸಿದ.

"ಸಾಕಕ್ಕಾ. ಹೊಟ್ಟೆ ತುಂಬ್ತು."

"ನಿನ್ನ ಹೊಟ್ಟೆ ನಂಗೊತ್ತಿಲ್ವಾ? ಒಂದು ಕಾಲಕ್ಕೆ ಆರು ನುಂಗ್ತಿದ್ದವನು." ಅವಳ ದನಿ ಇಳಿಯಿತು. "ನಿಜ ಹೇಳು ಫೆರೆಟಿ. ನಿಂಗೂ ಬಂತಾ?"

"ಏನು?"

"ನನ್ನ ಕಾಯಿಲೆ. ನಂಗೂ ಶುರುವಾಗಿದ್ದು ಹೀಗೇ. ಊಟ ಸೇರ್ತಿರಲಿಲ್ಲ, ಮೈ ಇಳೀತಿತ್ತು. ಆಸ್ಪತ್ರೆ ಕಾಗದ ನಿನ್ನ ಜೇಬಲ್ಲಿ ನೋಡ್ದೆ. ಓದಲಿಲ್ಲ, ಹೆದರಿಕೆ ಆಯ್ತು."

"ಇಲ್ಲಕ್ಕಾ. ದೇವರಾಣೆ, ನಾನು ಗಟ್ಟಿಯಾಗಿದ್ದೀನಿ."

"ಗಟ್ಟಿಯಾಗಿರೋನು ತಿಂತಾನೆ."

ಅವಳ ತೋಳಿನಲ್ಲಿ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ನರ ಕಾಣುತ್ತಿತ್ತು. ಹೇಳಿಬಿಟ್ಟರೆ ಅವಳ ಒಂದು ಭಯ ಹೋಗುತ್ತದೆ. ಆ ಜಾಗಕ್ಕೆ ಬರುವ ಆಸೆ ಮೂರು ವಾರದಲ್ಲಿ ಮುರಿದರೆ? ಫೆರೆಟಿ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಎರಡನೆಯ ಬನ್ನನ್ನೂ ತಿಂದ. ತಳದ ತೆಂಗಿನಹಾಲನ್ನು ಬೆರಳಿನಿಂದ ಬಳಿದು ನೆಕ್ಕಿದ. ಲೆಪೇಕಾಳ ಭುಜಗಳು ಮೆಲ್ಲಗೆ ಸಡಿಲವಾದವು.

"ನೋಡು," ಎಂದಳು, "ನಾಳೆ ಮೂರು ಮಾಡ್ತೀನಿ."

"ಮಾಡು," ಎಂದು ಅವನು ಎದ್ದು ನಡಿಗೆಯ ಬೂಟು ಹುಡುಕಿದ.