ಹಳೇ ಸರ್ವರಿನ ಪಟ್ಟಿ

ಸರ್ವರಿನ ಮುಚ್ಚಳ ಬಿಚ್ಚಿದ್ದೇ ತಡ, ಭವ್ಯ ಎರಡು ಹೆಜ್ಜೆ ಹಿಂದೆ ಸರಿದಳು. ಒಳಗೆ ಹಲ್ಲಿಯೊಂದು ಸತ್ತು ಒಣಗಿ ಅಂಟಿಕೊಂಡಿತ್ತು. ಸುತ್ತ ಜಿರಳೆ ಹಿಕ್ಕೆ. ಅದರ ಮೇಲೆ ವರ್ಷವರ್ಷವೂ ಆಯುಧಪೂಜೆಗೆ ಎರಚಿದ ಕುಂಕುಮ, ವಿಭೂತಿ ಸಂದಿನಿಂದ ಇಳಿದು ಪದರಪದರವಾಗಿ ಹೆಪ್ಪುಗಟ್ಟಿ ಕೂತಿತ್ತು. ಪೂಜೆಗೆ ಬಿಡುವು ಸಿಕ್ಕವರಿಗೆ ಒಂದು ಸಲ ಒರೆಸುವುದಕ್ಕೆ ಸಿಗಲಿಲ್ಲವಲ್ಲ, ಅದೆಂಥ ಜನವೋ!

"ಥೂ! ಇದೇನ್ರೀ, ಸರ್ವರೋ ತಿಪ್ಪೆಯೋ?"

"ಮುಟ್ಟಿದ್ರೆ ಎಲ್ಲಿ ಕೆಟ್ಟೋಗುತ್ತೋ ಅಂತ ಸುಮ್ನಿದ್ವಿ ಮೇಡಂ," ಎಂದ ಷಡಕ್ಷರಿ. ಬಾಯಲ್ಲಿದ್ದ ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿದ. ಅಜ್ಜಂಪುರದ ದಾರಿಯಲ್ಲಿದ್ದ ಆ ತೆಂಗು ಬೆಳೆಗಾರರ ಸಂಘಕ್ಕೆ ಇಪ್ಪತ್ತು ವರ್ಷದಿಂದ ಅವನೇ ಕಾರ್ಯದರ್ಶಿ.

ಹೊರಗಿನ ಬೆಂಚಿನ ಮೇಲೆ ಕಮಲಾಕ್ಷಮ್ಮ ನಾಮಪತ್ರ ಹಿಡಿದು ಕೂತಿದ್ದಳು. ಸಂಘದ ನಿರ್ದೇಶಕರ ಚುನಾವಣೆಗೆ ನಾಮಪತ್ರ ಕೊಡಲು ಅಂದೇ ಕೊನೇ ದಿನ, ಮಧ್ಯಾಹ್ನ ಮೂರರವರೆಗೆ. ಗಂಡ ನಂಜುಂಡಪ್ಪ ತೀರಿಕೊಂಡ ಮೇಲೆ ಸದಸ್ಯತ್ವ ಅವಳ ಹೆಸರಿಗೆ ಬಂದು ಹದಿನಾಲ್ಕು ವರ್ಷ. ಕಳೆದ ಚುನಾವಣೆಯ ಹೊತ್ತಿಗೆ ಮಗಳ ಬಾಣಂತನಕ್ಕೆ ತರೀಕೆರೆಯಲ್ಲಿದ್ದಳು. ಈ ಸಲ ಹಿಂದಿನ ದಿನ ಫಾರಂ ತುಂಬಿಕೊಂಡು ಬಂದರೆ ಷಡಕ್ಷರಿ ಕಂಪ್ಯೂಟರ್ ತಿರುಗಿಸಿ ತೋರಿಸಿದ್ದ, ಪಟ್ಟಿಯಲ್ಲಿ ಹೆಸರೇ ಇಲ್ಲ. ಕಾಗದದ ಪುಸ್ತಕಗಳನ್ನು ಗೆದ್ದಲು ತಿಂದಿತ್ತು. ಹಳೇ ಪಟ್ಟಿ ಇದ್ದದ್ದು ಈ ಸರ್ವರಿನಲ್ಲಿ ಮಾತ್ರ. ಮರುದಿನ ಮೂರರೊಳಗೆ ಅದನ್ನು ತೋರಿಸಿದರೆ ತಗೊಳ್ತೀನಿ ಎಂದು ಚುನಾವಣಾಧಿಕಾರಿ ಹೇಳಿದ್ದರು. ಕಮಲಾಕ್ಷಮ್ಮ ಅಂದು ಬೆಳಿಗ್ಗೆ ಮೊದಲ ಬಸ್ಸಿಗೇ ಕಡೂರಿಗೆ ಹೋಗಿ, ಕಂಪ್ಯೂಟರ್ ಅಂಗಡಿಯ ಬೀಗ ತೆಗೆಯುತ್ತಿದ್ದ ಭವ್ಯಳನ್ನು ಹಾಗೇ ಕರೆತಂದಿದ್ದಳು.

ಭವ್ಯ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಕಸ ತೆಗೆದಳು. ಸ್ವಿಚ್ ಹಾಕಿದರೆ ಆ ಮೂವತ್ತು ವರ್ಷದ ಪೆಟ್ಟಿಗೆ ಗುರ್ ಎಂದು ಎದ್ದು ಕೂತಿತು. ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಅದರೊಳಗಿನ ಕಡತ ಬೇಕಾದರೆ ನೆಟ್‌ವರ್ಕ್ ಮೂಲಕವೇ ಕೇಳಬೇಕು, ಅದಕ್ಕೆ ತಿಳಿಯುವುದು ಐಪಿಎಕ್ಸ್ ಎಂಬ ಹಳೇ ಪ್ರೋಟೋಕಾಲ್, ಅಂದರೆ ಯಂತ್ರಗಳ ನಡುವಿನ ಮಾತು, ಒಂದೇ. ಭವ್ಯಳ ಲ್ಯಾಪ್‌ಟಾಪ್ ಓಡಿಸುವ ಈಗಿನ ಲಿನಕ್ಸಿನ ಕರ್ನಲ್‌ನಿಂದ, ಅಂದರೆ ಇಡೀ ಕಂಪ್ಯೂಟರನ್ನು ನಡೆಸುವ ಒಳತಿರುಳಿನಿಂದ, ಅದನ್ನು ಕಿತ್ತು ಬಿಸಾಕಿ ವರ್ಷಗಳಾಗಿವೆ. ಹಾಗಾಗಿ ಹಳೇ ಕರ್ನಲ್ ಒಂದನ್ನು ಇಳಿಸಿಕೊಂಡು, ಐಪಿಎಕ್ಸ್ ಸೇರಿಸಿ, ತನ್ನ ಲ್ಯಾಪ್‌ಟಾಪಿನಲ್ಲಿ ಹೊಸದಾಗಿ ಕಟ್ಟಬೇಕಿತ್ತು.

ಕಟ್ಟುವ ಮೊದಲು ಕರ್ನಲ್ ನೂರಾರು ಪ್ರಶ್ನೆ ಕೇಳುತ್ತದೆ. ಇದು ಬೇಕೇ, ಅದು ಬೇಕೇ. ಬೇಕಾದರೆ ವೈ, ಬೇಡವಾದರೆ ಎನ್. ಭವ್ಯ ಒಂದೊಂದೇ ಸಾಲು ದಾಟುತ್ತ ಐಪಿಎಕ್ಸ್ ಹತ್ತಿರ ಬಂದು ವೈ ಒತ್ತಿದಳು.

ಹಿಂದೆ ನಿಂತು ಇಣುಕುತ್ತಿದ್ದ ಷಡಕ್ಷರಿ, "ಅಲ್ಲ ಮೇಡಂ, ಹೋದ ಚುನಾವಣೆಗೆ ಮುಂಚೆ ಹೊಸ ಕಂಪ್ಯೂಟರ್ ಕೂರ್ಸಿದ ದಿನ ನೀವೇ ಅಲ್ವಾ, ಹಳೇದು ಓದೋಕಾಗಲ್ಲ, ಕೈಯಲ್ಲೇ ಟೈಪ್ ಮಾಡ್ಕೊಳ್ಳಿ ಅಂದಿದ್ದು?" ಎಂದ.

"ಸ್ವಲ್ಪ ಆ ಕಡೆ ನಿಂತ್ಕೊಳ್ರೀ, ಅಡಿಕೆ ವಾಸ್ನೆ," ಎಂದಳು ಭವ್ಯ, ತಿರುಗಿ ನೋಡದೆ.

ಎರಡು ಗಂಟೆ ಕಾಲ ಲ್ಯಾಪ್‌ಟಾಪ್ ಕಾದ ಹೆಂಚಿನಂತಾಗಿ ಕೂಗಿಕೊಂಡಿತು. ಕರ್ನಲ್ ತಯಾರಾಯಿತು, ಕೇಬಲ್ ಸಿಕ್ಕಿಸಿದ್ದಾಯಿತು, ಸರ್ವರ್ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಐಪಿಎಕ್ಸ್‌ನಲ್ಲೂ ನಾಲ್ಕು ಬಗೆಯಂತೆ, ಹಾಳಾದ್ದು! ಮಾತು ಅದೇ, ಅದನ್ನು ಹಾಕಿ ಕಳಿಸುವ ಲಕೋಟೆ ಬೇರೆಬೇರೆ. ಒಂದನೆಯದು ಹಾಕಿದಳು, ಇಲ್ಲ. ಎರಡನೆಯದೂ ಇಲ್ಲ. ಕಮಲಾಕ್ಷಮ್ಮ ಬಾಗಿಲಿಗೆ ಬಂದು ಗೋಡೆ ಗಡಿಯಾರ ನೋಡಿ ಮತ್ತೆ ಹೋಗಿ ಕೂತಳು. ಮೂರನೆಯದಕ್ಕೆ ಸರ್ವರ್ ಓಗೊಟ್ಟಿತು. ಆಗ ಎರಡಕ್ಕೆ ಐದು ನಿಮಿಷವಿತ್ತು.

ಹಳೇ ಪಟ್ಟಿಯಲ್ಲಿ ಆರುನೂರ ಹನ್ನೆರಡು ಹೆಸರು. ಹೊಸದರಲ್ಲಿ ಐನೂರ ಎಪ್ಪತ್ತೊಂದು. ಕಮಲಾಕ್ಷಮ್ಮನದು ಇನ್ನೂರ ಮೂವತ್ತೆಂಟನೆಯದು, ಸ್ಪಷ್ಟವಾಗಿ ಇತ್ತು. ಉಳಿದ ನಲವತ್ತು ಯಾರದೆಂದು ಭವ್ಯ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದಳು. ಯಾವುದೋ ಗುಂಪಿನವರನ್ನು ಬೇಕಂತಲೇ ಹೊರಗಿಟ್ಟಿದ್ದಾರೆ ಎಂದುಕೊಂಡಿದ್ದಳು. ಹಾಗಲ್ಲ. ಬಿಟ್ಟುಹೋದ ನಲವತ್ತೊಂದೂ ಹೆಂಗಸರು, ಪ್ರತಿಯೊಬ್ಬರ ಗಂಡನ ಹೆಸರಿಗೂ ಮೊದಲು 'ಲೇಟ್' ಎಂದಿತ್ತು.

"ಏನ್ರೀ ಇದು?"

ಷಡಕ್ಷರಿ ಬಗ್ಗಿ ನೋಡಿದ. ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ. "ಓ, ಅದಾ! ವಿಜಯದಶಮಿ ದಿನ ಅಲ್ವಾ ಮೇಡಂ ನಾವು ಹೊಸ ಕಂಪ್ಯೂಟರ್ ಶುರು ಮಾಡಿದ್ದು? ಒಳ್ಳೇ ದಿನ, ಮೊದಲ್ನೇ ಕೆಲ್ಸ. ಗಂಡ ಇಲ್ದೋರ ಹೆಸರು ಅವತ್ತು ಬೇಡ, ನಾಳೆ ಹಾಕಾನ ಅಂತ ಪಕ್ಕಕ್ಕಿಟ್ಟೆ. ನಾಳೆ ನೋಡಿದ್ರೆ ಕೊಬ್ರಿ ಲೋಡ್ ಬಂದ್ಬಿಡ್ತು. ಮರ್ತೇ ಹೋಯ್ತು."

"ಹೋದ್ಸಲ ಇವ್ರೆಲ್ಲ ವೋಟಿಗೆ ಬಂದಿರ್ಲಿಲ್ವಾ?"

"ಬಂದಿದ್ರು. ಹೆಸ್ರಿಲ್ಲ ಅಂದೆ. ಹೋದ್ರು."

ಹೋದರಂತೆ! ಭವ್ಯಳಿಗೆ ಮೈಯೆಲ್ಲ ಉರಿದುಹೋಯಿತು. ದುಡ್ಡಿಗೋ ದ್ವೇಷಕ್ಕೋ ಮಾಡಿದ್ದರೆ ಕೂಗಾಡಿಯಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಇವನು ಹೊಸಿಲ ಮೇಲಿನ ಚಪ್ಪಲಿ ಸರಿಸಿದಷ್ಟು ಸಲೀಸಾಗಿ ನಲವತ್ತೊಂದು ಜನರನ್ನು ಸರಿಸಿ, ಕೈತೊಳೆದು, ಪ್ರಸಾದ ತಿಂದಿದ್ದ. ಆ ಹಲ್ಲಿಯನ್ನು ಬೇಕಾದರೆ ಬರಿಗೈಯಲ್ಲಿ ಎತ್ತಬಹುದಿತ್ತು, ಈ ಮನುಷ್ಯನ ಪಕ್ಕ ನಿಲ್ಲುವುದೇ ಹೇಸಿಗೆ ಎನಿಸಿತು.

"ನಿಮ್ ತಾಯಿ ಹೆಸ್ರಾಗಿದ್ರೆ ಹಿಂಗೇ ಪಕ್ಕಕ್ಕಿಡ್ತಿದ್ರಾ?"

"ನಮ್ಮವ್ವನ್ದೂ ಅದ್ರಲ್ಲೇ ಐತೆ ಮೇಡಂ," ಎಂದ ಷಡಕ್ಷರಿ, ಮೂವತ್ತನೇ ಹೆಸರಿನ ಮೇಲೆ ಬೆರಳಿಟ್ಟು.

ಭವ್ಯ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ಪ್ರಿಂಟ್ ಕೊಟ್ಟಳು.

ಎರಡೂ ನಲವತ್ತಕ್ಕೆ ಮುಂದಿನ ಕೋಣೆಯಲ್ಲಿದ್ದ ಚುನಾವಣಾಧಿಕಾರಿ ಹಳೇ ಪಟ್ಟಿ ನೋಡಿ, ಕಮಲಾಕ್ಷಮ್ಮನ ನಾಮಪತ್ರ ತೆಗೆದುಕೊಂಡು ರಸೀದಿ ಕೊಟ್ಟರು. ಉಳಿದ ಹೆಸರುಗಳನ್ನೂ ಮತದಾರರ ಪಟ್ಟಿಗೆ ಸೇರಿಸುವಂತೆ ಷಡಕ್ಷರಿಗೆ ಅಲ್ಲೇ ಬರೆದುಕೊಟ್ಟರು. ಅದರಲ್ಲಿ ಆರು ಮಂದಿ ಕಳೆದ ಚುನಾವಣೆಯಾದ ಈ ಐದು ವರ್ಷದಲ್ಲಿ ಸತ್ತೇ ಹೋಗಿದ್ದರು.

ಭವ್ಯ ಕೇಬಲ್ ಸುತ್ತಿಡುತ್ತಿದ್ದಾಗ ಕಮಲಾಕ್ಷಮ್ಮ ರಸೀದಿ ಮಡಚಿಕೊಂಡು ಬಂದಳು. ಅವಳ ಮುಖದಲ್ಲಿ ಅಷ್ಟೇನೂ ಸಂತೋಷ ಕಾಣಲಿಲ್ಲ. "ಇಷ್ಟೇನಾ ಕೆಲ್ಸ? ಬೆಳಿಗ್ಗೆ ಶುರು ಮಾಡಿ ಮಧ್ಯಾಹ್ನಕ್ಕೆ ಮುಗೀತಲ್ಲಮ್ಮಾ."

"ಹೂಂ ಅಮ್ಮ."

"ಷಡಕ್ಷರಿ ಅಂದಿದ್ದೆಲ್ಲ ಹೊರಗೆ ಕೇಳಿಸ್ತು. ಹಂಗಾರೆ ಅವತ್ತು ಯಾಕೆ ಆಗಲ್ಲ ಅಂದೆ?"

ಅವತ್ತು ಆಗುತ್ತಿತ್ತು. ಆಗಿನ ಕರ್ನಲ್‌ನಲ್ಲಿ ಐಪಿಎಕ್ಸ್ ಇನ್ನೂ ಇತ್ತು, ಬೇಕೇ ಎಂದು ಅದೂ ಕೇಳಿತ್ತು. ಇನ್ಯಾರು ಬಳಸುತ್ತಾರೆ ಇದನ್ನು ಎಂದುಕೊಂಡು ಭವ್ಯ ಎನ್ ಒತ್ತಿದ್ದಳು. ಸುಳ್ಳು ಹೇಳಲು ಬಾಯಿ ತೆರೆದವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಹಬ್ಬ ಇತ್ತಮ್ಮ," ಎಂದಳು. "ಬೇಗ ಮನೆಗೆ ಹೋಗೋ ಆತುರ."

ಕಮಲಾಕ್ಷಮ್ಮ ರಸೀದಿಯನ್ನು ಚೀಲಕ್ಕೆ ಹಾಕಿಕೊಂಡಳು.

"ಅವ್ನಿಗೂ ಹಬ್ಬ, ನಿಂಗೂ ಹಬ್ಬ," ಎಂದು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟಳು.