ಅಟ್ಟದ ಆಚೆ ಮೂಲೆ

ಗಂಡ ಲಕ್ಕಯ್ಯ ತೀರಿಕೊಂಡ ಮೇಲೆ ಭೂತಮ್ಮನಿಗೆ ಅಡುಗೆಮನೆಗೆ ಕಾಲಿಡಲು ಆಗುತ್ತಿರಲಿಲ್ಲ. ಒಲೆಯ ನೇರಕ್ಕೆ ಮೇಲೆ, ಕೊಬ್ಬರಿಗೆಂದು ತೆಂಗಿನಕಾಯಿ ಒಣಗಲು ಹಾಕಿದ್ದ ಅಟ್ಟವಿತ್ತು. ಮಧ್ಯಾಹ್ನವಾದರೆ ಅಲ್ಲಿ ಕಾಯಿ ಉರುಳುವ ಸದ್ದು. ಲಕ್ಕಯ್ಯ ಕಾಯಿ ಮಗುಚಲು ಹತ್ತುತ್ತಿದ್ದ ಹೊತ್ತದು. ಸದ್ದು ಕೇಳಿದೊಡನೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು, ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೈ ಸೊರಗಿ ಕಡ್ಡಿಯಾಗಿತ್ತು.

“ಅವನು ಬದುಕಿದ್ದಾಗ ಬೈದ್ರೂ ಹೆದರ್ತಿರ್ಲಿಲ್ಲ ನೀನು, ಈಗೇನೇ?” ಎಂದಳು ಅತ್ತೆ ಗಂಗಕ್ಕ, ಕಣ್ಣೊರೆಸಿಕೊಂಡು. “ಹೆದರ್ಕೆ ಹೋಗ್ಲಿ ಅಂತ ಕಾಯ್ಬೇಡ ಕಣೇ. ಮನೆದೇವ್ರು ರಂಗಪ್ಪನ್ನ ನೆನ್ಕಂಡು, ಹೆದರ್ಕೆ ಜೊತೇಲೇ ಅಟ್ಟ ಹತ್ತು. ನಾನು ಏಣಿ ಹಿಡ್ಕಂಡಿರ್ತೀನಿ.”

ಭೂತಮ್ಮ ನಡುಗುತ್ತಲೇ ಹತ್ತಿದಳು. ಅಟ್ಟದಲ್ಲಿ ಯಾರೂ ಇರಲಿಲ್ಲ. ಆದರೆ ಆಚೆ ಮೂಲೆಯ ಕಾಯಿಗಳೆಲ್ಲ ಆಗಲೇ ಮಗುಚಿದ್ದವು. ಧೂಳು ಹಿಡಿದ ಮಗ್ಗುಲು ಕೆಳಗಾಗಿತ್ತು. ಮತ್ತೆ ಎದೆ ಹೊಡೆದುಕೊಂಡಿತು. ಅವಳು ಇಳಿಯಲಿಲ್ಲ; ಉಸಿರೆಳೆದುಕೊಂಡು ಕೂತಳು. ಒಂದು ಕಾಯಿ ಎತ್ತಿ ಕಿವಿಯ ಬಳಿ ಕುಲುಕಿದಳು. ಚಿಪ್ಪಿನಿಂದ ಬಿಟ್ಟುಕೊಂಡ ಕೊಬ್ಬರಿ ಒಳಗೆ ಕಟಕಟ ಎಂದಿತು. ಈಚೆ ಕಡೆಯ ಕಾಯಿಗಳನ್ನು ಒಂದೊಂದೇ ಮಗುಚುತ್ತ ಹೋದಳು.

ಆಚೆ ಮೂಲೆಯಲ್ಲಿ ಕಾಯೊಂದು ತಾನಾಗಿ ಉರುಳಿತು.

“ಆ ಕಡೆ ನೀವು ನೋಡ್ಕಳಿ, ಈ ಕಡೆ ನಾನು ನೋಡ್ಕಂತೀನಿ,” ಎಂದಳು ಭೂತಮ್ಮ.

“ಯಾರ್ ಜೊತೆ ಮಾತೇ?” ಅತ್ತೆ ಕೆಳಗಿನಿಂದ ಕೂಗಿದಳು.

“ನಿಮ್ಮ ಮಗನ ಜೊತೆ. ಮುದ್ದೆಗೆ ಎಸರಿಡ್ರೀ ಅತ್ತೆ, ಹೊಟ್ಟೆ ಹಸೀತೈತೆ.”